ಕೆಂಪುಕಣಗಳ ಗಾತ್ರ: ಸೂಚನೆಯೇ, ತೀರ್ಪೇ?

ಹೃದಯದ ಕಾಯಿಲೆ ಇರುವ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಅವರ ರಕ್ತ ಪರೀಕ್ಷೆಯ ವರದಿಯನ್ನು ಒಮ್ಮೆ ತೆಗೆದು ನೋಡಿ. ಹೀಮೋಗ್ಲೋಬಿನ್, ಬಿಳಿಕಣಗಳ ಎಣಿಕೆ, ಪ್ಲೇಟ್‌ಲೆಟ್‌ಗಳ ಜೊತೆಗೆ 'ಆರ್‌ಡಿಡಬ್ಲ್ಯು' ಎಂಬ ಒಂದು ಸಾಲು ಇರುತ್ತದೆ. ಬಹಳ ಕಾಲ ಅದನ್ನು ರಕ್ತಹೀನತೆಯ ಬಗೆ ಗುರುತಿಸಲು ಮಾತ್ರ ಬಳಸುತ್ತಿದ್ದರು. ಆದರೆ 2007ರಿಂದೀಚೆಗೆ ಅದಕ್ಕೆ ಹೊಸ ಪಟ್ಟ ಸಿಕ್ಕಿದೆ. ಹೃದ್ರೋಗಿಯ ಮುಂದಿನ ದಿನಗಳನ್ನು ಅದು ಸೂಚಿಸುತ್ತದೆ ಎನ್ನಲಾಗುತ್ತಿದೆ. ಈ ಪಟ್ಟಕ್ಕೆ ಅದು ಎಷ್ಟರಮಟ್ಟಿಗೆ ಯೋಗ್ಯ? ಸ್ವಲ್ಪ ವಿಮರ್ಶಿಸೋಣ.

ಅಳತೆ ಎಂದರೇನು?

ಕೆಂಪುಕಣಗಳೆಲ್ಲ ಒಂದೇ ಗಾತ್ರದವಲ್ಲ. ಯಂತ್ರವು ಸಾವಿರಾರು ಕಣಗಳನ್ನು ಅಳೆದು, ಅವುಗಳ ಸರಾಸರಿ ಗಾತ್ರವನ್ನೂ ಗಾತ್ರಗಳ ಮಾನಕ ವಿಚಲನೆಯನ್ನೂ ಕಂಡುಕೊಳ್ಳುತ್ತದೆ. ವಿಚಲನೆಯನ್ನು ಸರಾಸರಿಯಿಂದ ಭಾಗಿಸಿ 100ರಿಂದ ಗುಣಿಸಿದರೆ ಬರುವ ಶೇಕಡಾವಾರು ಸಂಖ್ಯೆಯೇ ಆರ್‌ಡಿಡಬ್ಲ್ಯು. ಸುಮಾರು 11.5ರಿಂದ 14.5ರವರೆಗೆ ಇದ್ದರೆ ಸಾಮಾನ್ಯ ಎಂದು ಹೆಚ್ಚಿನ ಪ್ರಯೋಗಾಲಯಗಳು ಪರಿಗಣಿಸುತ್ತವೆ.

ಈಗ ಒಂದು ಲೆಕ್ಕ ಮಾಡಿ. ಸರಾಸರಿ ಗಾತ್ರ 90 ಫೆಮ್ಟೋಲೀಟರ್, ವಿಚಲನೆ 12 ಎಂದಾದರೆ ಉತ್ತರ 13.3. ವಿಚಲನೆ 12 ಆಗಿಯೇ ಉಳಿದು ಸರಾಸರಿ 75ಕ್ಕೆ ಇಳಿದರೆ ಉತ್ತರ 16. ಕಣಗಳ ಗಾತ್ರದ ಹರವು ಕಿಂಚಿತ್ತೂ ಬದಲಾಗಿಲ್ಲ, ಸಂಖ್ಯೆ ಮಾತ್ರ ಏರಿತು! ಛೇದ ಚಿಕ್ಕದಾದರೆ ಭಾಗಲಬ್ಧ ದೊಡ್ಡದಾಗುತ್ತದೆ ಎಂಬ ಶಾಲಾ ಗಣಿತವನ್ನು ಮರೆತು ಈ ಸಂಖ್ಯೆಯನ್ನು ಓದಬಾರದು.

ಅಧ್ಯಯನಗಳು ಹೇಳಿದ್ದೇನು?

2007ರಲ್ಲಿ ಅಮೆರಿಕದ ಫೆಲ್ಕರ್ ಮತ್ತು ಸಂಗಡಿಗರು ಹೃದಯ ವೈಫಲ್ಯವಿದ್ದ 2,679 ರೋಗಿಗಳ 36 ಬಗೆಯ ಪ್ರಯೋಗಾಲಯ ಅಳತೆಗಳನ್ನು ಪರಿಶೀಲಿಸಿದರು. ಮುಂದಿನ ತೊಂದರೆಗಳೊಂದಿಗೆ ಅತಿ ಗಾಢ ನಂಟು ತೋರಿದ್ದು ಆರ್‌ಡಿಡಬ್ಲ್ಯು. ಡ್ಯೂಕ್ ವಿಶ್ವವಿದ್ಯಾಲಯದ ದತ್ತಾಂಶದಲ್ಲಿದ್ದ ಬೇರೆ 2,140 ರೋಗಿಗಳಲ್ಲೂ ಈ ನಂಟು ಕಂಡಿತು. ಮರುವರ್ಷ ಟೊನೆಲ್ಲಿ ತಂಡವು ಹಿಂದೆ ಹೃದಯಾಘಾತವಾಗಿದ್ದ 4,111 ಜನರಲ್ಲೂ ಅಂಥದೇ ಸಂಬಂಧವನ್ನು ವರದಿ ಮಾಡಿತು. ಬೇರೆ ಬೇರೆ ಗುಂಪುಗಳಲ್ಲಿ ಒಂದೇ ಫಲಿತಾಂಶ ಮರುಕಳಿಸಿರುವುದರಿಂದ ಇದನ್ನು ಆಕಸ್ಮಿಕ ಎಂದು ತಳ್ಳಿಹಾಕುವಂತಿಲ್ಲ. ಮಾಮೂಲಿ ಪರೀಕ್ಷೆಯಲ್ಲೇ, ಹೆಚ್ಚಿನ ಖರ್ಚಿಲ್ಲದೆ ಸಿಗುತ್ತದೆ ಎಂಬುದೂ ಇದರ ಹೆಗ್ಗಳಿಕೆಯೇ ಸರಿ.

ತೊಡಕು ಇರುವುದು ಇದನ್ನು ಓದುವ ರೀತಿಯಲ್ಲಿ. ಮೊದಲ ಅಧ್ಯಯನದಲ್ಲಿ ಆರ್‌ಡಿಡಬ್ಲ್ಯು ಒಂದು ಮಾನಕ ವಿಚಲನೆಯಷ್ಟು ಏರಿದಾಗ ಅಪಾಯ ಹೆಚ್ಚಿದ್ದು ಸುಮಾರು ಶೇಕಡಾ 17. ಊಹೆಗಾಗಿ, 100 ರೋಗಿಗಳಲ್ಲಿ 10 ಮಂದಿಗೆ ತೊಂದರೆಯಾಗುವ ಒಂದು ಗುಂಪನ್ನು ತೆಗೆದುಕೊಳ್ಳಿ. ಹೆಚ್ಚಿನ ಆರ್‌ಡಿಡಬ್ಲ್ಯು ಇರುವ ಗುಂಪಿನಲ್ಲಿ ಈ ಸಂಖ್ಯೆ ಸುಮಾರು 12 ಆಗುತ್ತದೆ. ಉಳಿದ 88 ಮಂದಿ ಕ್ಷೇಮವಾಗಿಯೇ ಇರುತ್ತಾರೆ. ಗುಂಪಿನ ಬಗ್ಗೆ ನಿಜವಾದ ಮಾತು ನಿಮ್ಮ ಅಜ್ಜಿಯ ಬಗ್ಗೆ ತೀರ್ಪಾಗಲಾರದು.

ಏರಿಕೆಯೆಲ್ಲ ಕೇಡಲ್ಲ

ಕೆಂಪುಕಣದ ಆಯುಸ್ಸು ಸುಮಾರು 120 ದಿನ. ಕಬ್ಬಿಣ, ಬಿ12 ಅಥವಾ ಫೋಲೇಟ್ ಕೊರತೆ, ದೀರ್ಘಕಾಲದ ಉರಿಯೂತ, ಮೂತ್ರಪಿಂಡದ ತೊಂದರೆ, ರಕ್ತ ಪೂರಣ ಇವೆಲ್ಲವೂ ಗಾತ್ರದ ಹರವನ್ನು ಹೆಚ್ಚಿಸಬಲ್ಲವು. ವಯಸ್ಸಾದಂತೆ ಸಂಖ್ಯೆ ತುಸು ಏರುವುದೂ ಉಂಟು. ಹೃದಯ ಕಾಯಿಲೆಯ ಹಿರಿಯರಲ್ಲಿ ಇವುಗಳಲ್ಲಿ ಎರಡು ಮೂರು ಕೂಡಿಯೇ ಇರುವುದು ಸಾಮಾನ್ಯ. ಆರ್‌ಡಿಡಬ್ಲ್ಯು ಅವನ್ನೆಲ್ಲ ಒಂದೇ ಸಂಖ್ಯೆಯಲ್ಲಿ ಬೆರೆಸಿಬಿಡುತ್ತದೆ. ಯಾವುದರ ಪಾಲು ಎಷ್ಟೆಂದು ಅದು ಹೇಳದು.

ಇನ್ನೊಂದು ಸ್ವಾರಸ್ಯವಿದೆ. ಕಬ್ಬಿಣದ ಕೊರತೆಯಿದ್ದವರಿಗೆ ಚಿಕಿತ್ಸೆ ಆರಂಭಿಸಿದಾಗ ಅಸ್ಥಿಮಜ್ಜೆಯು ಸಹಜ ಗಾತ್ರದ ಹೊಸ ಕಣಗಳನ್ನು ಹೊರಬಿಡುತ್ತದೆ. ಹಳೆಯ ಚಿಕ್ಕ ಕಣಗಳು ಇನ್ನೂ ರಕ್ತದಲ್ಲೇ ಇರುತ್ತವೆ. ಎರಡೂ ಬೆರೆತಾಗ ಆರ್‌ಡಿಡಬ್ಲ್ಯು ಕೆಲವು ವಾರ ಏರುತ್ತದೆ. ಅಂದರೆ ರೋಗಿ ಚೇತರಿಸಿಕೊಳ್ಳುತ್ತಿರುವಾಗಲೇ ಸಂಖ್ಯೆ 'ಕೆಡುತ್ತದೆ'! ಇದನ್ನು ಕಂಡು ಹೆದರಿ ಮಾತ್ರೆ ನಿಲ್ಲಿಸಿದರೆ ನಷ್ಟ ಯಾರಿಗೆ?

ಸೂಚಕ ಬೇರೆ, ಕಾರಣ ಬೇರೆ

ಹೊಗೆ ಕಂಡರೆ ಬೆಂಕಿ ಇದೆ ಎಂದು ಊಹಿಸಬಹುದು. ಹೊಗೆಯನ್ನು ಬೀಸಿ ಓಡಿಸಿದರೆ ಬೆಂಕಿ ಆರುವುದಿಲ್ಲ. ರಕ್ತದ ಅಳತೆಗಳ ವಿಷಯದಲ್ಲಿ ಈ ಪಾಠವನ್ನು ಹೃದ್ರೋಗ ವಿಜ್ಞಾನ ಕಷ್ಟಪಟ್ಟೇ ಕಲಿಯಿತು. ಹೃದಯ ವೈಫಲ್ಯದಲ್ಲಿ ಹೀಮೋಗ್ಲೋಬಿನ್ ಕಡಿಮೆಯಿದ್ದವರ ಸ್ಥಿತಿ ಹೆಚ್ಚು ಗಂಭೀರ ಎಂಬುದು ತಿಳಿದಿತ್ತು. ಹಾಗಾದರೆ ಹೀಮೋಗ್ಲೋಬಿನ್ ಏರಿಸಿದರೆ ಸರಿಹೋಗಬೇಕಲ್ಲವೇ? 2,278 ರೋಗಿಗಳ ಮೇಲೆ ನಡೆದ 'ರೆಡ್-ಎಚ್‌ಎಫ್' ಪ್ರಯೋಗದಲ್ಲಿ ಡಾರ್ಬೆಪೊಯೆಟಿನ್ ಎಂಬ ಔಷಧಿ ಕೊಟ್ಟು ಹೀಮೋಗ್ಲೋಬಿನ್ ಏರಿಸಲಾಯಿತು. 2013ರಲ್ಲಿ ಪ್ರಕಟವಾದ ಫಲಿತಾಂಶದಂತೆ ಸಾವೂ ಕಡಿಮೆಯಾಗಲಿಲ್ಲ, ಆಸ್ಪತ್ರೆ ಸೇರುವುದೂ ತಪ್ಪಲಿಲ್ಲ. ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚುವ ತೊಂದರೆ ಮಾತ್ರ ಹೆಚ್ಚಿತು. ಸಂಖ್ಯೆ ಸುಧಾರಿಸಿತು, ರೋಗಿ ಸುಧಾರಿಸಲಿಲ್ಲ.

ಇದಕ್ಕೆ ಪ್ರತಿಯಾಗಿ 2009ರ 'ಫೇರ್-ಎಚ್‌ಎಫ್' ಪ್ರಯೋಗವನ್ನು ಗಮನಿಸಿ. ಅಲ್ಲಿ ಕಬ್ಬಿಣದ ಕೊರತೆಯನ್ನೇ ನೇರವಾಗಿ ಪರೀಕ್ಷಿಸಿ, ಹೃದಯ ವೈಫಲ್ಯವಿದ್ದ 459 ಮಂದಿಯಲ್ಲಿ ಕೆಲವರಿಗೆ ಅಭಿಧಮನಿಯ ಮೂಲಕ ಕಬ್ಬಿಣ ನೀಡಲಾಯಿತು. ಅವರ ಆಯಾಸ ಕಡಿಮೆಯಾಯಿತು, ನಡೆಯುವ ಶಕ್ತಿ ಹೆಚ್ಚಿತು. ರಕ್ತಹೀನತೆ ಇಲ್ಲದವರಿಗೂ ಈ ಲಾಭ ಸಿಕ್ಕಿತು. ಇಲ್ಲಿ ಗೆದ್ದದ್ದು 'ಸಂಖ್ಯೆ ಎಷ್ಟು?' ಎಂಬ ಪ್ರಶ್ನೆಯಲ್ಲ, 'ಏಕೆ?' ಎಂಬ ಪ್ರಶ್ನೆ.

ನಮ್ಮ ದೇಶದಲ್ಲಿ ಈ 'ಏಕೆ' ಇನ್ನೂ ಮುಖ್ಯ. ಕಬ್ಬಿಣದ ಕೊರತೆ ನಮ್ಮಲ್ಲಿ ವ್ಯಾಪಕವಾಗಿದೆ. ಅಮೆರಿಕದ ರೋಗಿಗಳಿಂದ ಪಡೆದ ಗಡಿಸಂಖ್ಯೆಯನ್ನು ಇಲ್ಲಿಗೆ ಹಾಗೆಯೇ ಅನ್ವಯಿಸಿದರೆ ಕೊರತೆಯಿಂದಾದ ಏರಿಕೆಯನ್ನು ಹೃದಯದ ದೋಷವೆಂದು ತಿಳಿದುಬಿಡುವ ಅಪಾಯವಿದೆ. ಯಂತ್ರದಿಂದ ಯಂತ್ರಕ್ಕೆ ಅಳತೆ ವ್ಯತ್ಯಾಸವಾಗುವುದರಿಂದ ಎರಡು ಪ್ರಯೋಗಾಲಯಗಳ ವರದಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದೂ ಸರಿಯಲ್ಲ.

ಹಾಗಾದರೆ ಆರ್‌ಡಿಡಬ್ಲ್ಯು ನಿಷ್ಪ್ರಯೋಜಕವೇ? ಖಂಡಿತ ಅಲ್ಲ. ಏರಿದ ಸಂಖ್ಯೆ ಬಾಗಿಲು ತಟ್ಟುವ ಸದ್ದು. ಬಂದವರು ಯಾರೆಂದು ತಿಳಿಯಲು ಫೆರಿಟಿನ್, ಬಿ12, ಮೂತ್ರಪಿಂಡದ ಪರೀಕ್ಷೆ ಇತ್ಯಾದಿಗಳನ್ನು ವೈದ್ಯರು ಮಾಡಿಸಬೇಕಾಗುತ್ತದೆ. ಕೊರತೆ ಸಿಕ್ಕರೆ ಅದನ್ನು ಸರಿಪಡಿಸಬಹುದು. ಸಂಖ್ಯೆಯನ್ನೇ ತೀರ್ಪೆಂದು ಒಪ್ಪಿ ಕೈಚೆಲ್ಲಿದರೆ ಈ ಅವಕಾಶ ತಪ್ಪಿಹೋಗುತ್ತದೆ.

ಅಧ್ಯಾಪಕರು ಮೇಲಿನ ಲೆಕ್ಕವನ್ನು ತರಗತಿಯಲ್ಲಿ ಮಾಡಿಸಬಹುದು. ಸರಾಸರಿ, ವಿಚಲನೆಗಳು ಪರೀಕ್ಷೆಯ ಅಂಕಗಳಿಗಷ್ಟೇ ಅಲ್ಲ, ಮನೆಯ ಹಿರಿಯರ ವರದಿ ಓದಲೂ ಬೇಕು ಎಂಬುದು ವಿದ್ಯಾರ್ಥಿಗಳಿಗೆ ಆಗ ಮನವರಿಕೆಯಾದೀತು.