ಇಂದಿರಮ್ಮನ ಚುನಾವಣೆ ಮತ್ತು ಬಯಲುಸೀಮೆಯ ಮತ

ನಮ್ಮಲ್ಲಿ ರಾಷ್ಟ್ರಪತಿಯನ್ನು ಜನ ನೇರವಾಗಿ ಆರಿಸುವುದಿಲ್ಲ. ಸಂಸದರು, ಶಾಸಕರು ಸೇರಿ ಆರಿಸುತ್ತಾರೆ. ಪ್ರಧಾನಿಯನ್ನು ಆರಿಸುವುದಕ್ಕೂ ಪ್ರತ್ಯೇಕ ಮತಪತ್ರವಿಲ್ಲ. ಹಾಗಿದ್ದೂ ಒಬ್ಬರೇ ವ್ಯಕ್ತಿಯನ್ನು ನಡುವೆ ನಿಲ್ಲಿಸಿಕೊಂಡು 'ಇವರು ಬೇಕೋ ಬೇಡವೋ' ಎಂದು ಊರಿಗೆ ಊರೇ ವಾದಕ್ಕೆ ಬೀಳುವ ಅಧ್ಯಕ್ಷೀಯ ಚುನಾವಣೆಯಂಥ ಬಿಸಿಯನ್ನು ಕಡೂರು, ತರೀಕೆರೆ, ಅಜ್ಜಂಪುರದ ಜನ 1978ರಲ್ಲೇ ಕಂಡಿದ್ದಾರೆ. ಆ ವರ್ಷ ನವೆಂಬರ್ 5ರಂದು ಚಿಕ್ಕಮಗಳೂರು ಲೋಕಸಭಾ ಕ್ಷೇತ್ರಕ್ಕೆ ಉಪಚುನಾವಣೆ. ಕಣದಲ್ಲಿ ಇಂದಿರಾ ಗಾಂಧಿ. ಎದುರಿಗೆ ಜನತಾ ಪಕ್ಷದ ವೀರೇಂದ್ರ ಪಾಟೀಲ.

ಒಂದೂವರೆ ವರ್ಷದ ಹಿಂದೆ, 1977ರ ಮಾರ್ಚ್‌ನಲ್ಲಿ, ರಾಯ್ ಬರೇಲಿಯಲ್ಲಿ ರಾಜ್ ನಾರಾಯಣ್ ಎದುರು ಸುಮಾರು 55 ಸಾವಿರ ಮತಗಳಿಂದ ಸೋತಿದ್ದ ಇಂದಿರಾ ಅವರಿಗೆ ಸಂಸತ್ತಿಗೆ ಮರಳಲು ಗಟ್ಟಿ ನೆಲ ಬೇಕಿತ್ತು. ಮುಖ್ಯಮಂತ್ರಿ ದೇವರಾಜ ಅರಸು ಆ ನೆಲ ತೋರಿಸಿದರು. ಕ್ಷೇತ್ರದ ಸಂಸದ ಡಿ.ಬಿ. ಚಂದ್ರೇಗೌಡರು ರಾಜೀನಾಮೆ ಕೊಟ್ಟು ಜಾಗ ಬಿಟ್ಟರು. ದೇಶ ವಿದೇಶದ ಪತ್ರಕರ್ತರು ಬಂದಿಳಿದರು. ಅವರ ಬರಹಗಳಿಂದ ಚಿಕ್ಕಮಗಳೂರು ಎಂದರೆ ಕಾಫಿ ತೋಟ, ಮಂಜು, ಬೆಟ್ಟ ಎಂಬ ಚಿತ್ರ ಜಗತ್ತಿಗೆಲ್ಲ ಹರಡಿತು.

ಆದರೆ ಕ್ಷೇತ್ರದ ಒಂದು ದೊಡ್ಡ ಪಾಲಿನಲ್ಲಿ ಕಾಫಿ ಗಿಡವೇ ಇರಲಿಲ್ಲ. ಸ್ವಾತಂತ್ರ್ಯ ಬರುವ ಹೊತ್ತಿನವರೆಗೂ ಇಡೀ ಜಿಲ್ಲೆಗೆ ತನ್ನ ಹೆಸರು ಕೊಟ್ಟಿದ್ದ ಕಡೂರು, ರಾಗಿ, ತೆಂಗು, ಶೇಂಗಾ ನಂಬಿದ ಒಣ ಸೀಮೆ. ಆಗ ತರೀಕೆರೆ ತಾಲ್ಲೂಕಿಗೆ ಸೇರಿದ್ದ ಅಜ್ಜಂಪುರಕ್ಕೆ ಅಮೃತಮಹಲ್ ತಳಿಯ ದನಗಳಿಂದ, ಈರುಳ್ಳಿಯಿಂದ ಹೆಸರು. ತರೀಕೆರೆಗೆ ಒಂದು ಮಗ್ಗುಲಲ್ಲಿ ಮಲೆನಾಡು, ಇನ್ನೊಂದು ಮಗ್ಗುಲಲ್ಲಿ ಬಯಲು. ಚುನಾವಣೆಯ ಕಥೆಯನ್ನು ಬೆಟ್ಟದ ಮೇಲೆ ನಿಂತು ಹೇಳಿದವರೇ ಹೆಚ್ಚು. ಬಯಲಿನಲ್ಲಿ ನಿಂತು ನೋಡಿದರೆ ಅಂದಿನ ಉತ್ಸಾಹದ ಬೇರು, ಅಂದಿನ ಅನುಮಾನದ ತೂಕ ಎರಡೂ ಬೇರೆಯಾಗಿ ಕಾಣುತ್ತವೆ.

ಉತ್ಸಾಹದಿಂದಲೇ ಶುರು ಮಾಡಬೇಕು. ಅದಕ್ಕೆ 'ಕುರುಡು ಅಭಿಮಾನ' ಎಂಬ ಹಣೆಪಟ್ಟಿ ಹಚ್ಚುವುದು ಸುಲಭ, ಹಚ್ಚಿದವರು ಬಹಳ ಮಂದಿ. ಮೇಲ್ನೋಟಕ್ಕೆ ಅದಕ್ಕೆ ಪುರಾವೆಯೂ ಸಿಗುತ್ತದೆ. ಕಾಂಗ್ರೆಸ್ಸಿನ ಗುರುತು ಮೊದಲು ಜೋಡೆತ್ತು. 1969ರಲ್ಲಿ ಪಕ್ಷ ಒಡೆದ ಮೇಲೆ ಇಂದಿರಾ ಬಣಕ್ಕೆ ಹಸು-ಕರು. 1978ರ ಜನವರಿಯಲ್ಲಿ ಮತ್ತೆ ಒಡೆದಾಗ ಹಸ್ತ. ದನ ಕಟ್ಟಿ ಬದುಕುವ ಅಜ್ಜಂಪುರ, ಬೀರೂರು ಸೀಮೆಯಲ್ಲಿ ಎತ್ತಿನ ಗುರುತನ್ನೋ ಹಸುವಿನ ಗುರುತನ್ನೋ ಯಾರಿಗೂ ವಿವರಿಸಬೇಕಾಗಿರಲಿಲ್ಲ. ಅಂಥ ಗುರುತು ಕೈಬಿಟ್ಟು ಒಂದು ಬರಿಗೈಯ ಚಿತ್ರ ಬಂದು ವರ್ಷವೂ ತುಂಬಿರಲಿಲ್ಲ. ಓದು ಬಾರದ ಮತದಾರರಿಗೆ ಆ ಗುರುತೇ ಪಕ್ಷದ ವಿಳಾಸ. ಆದರೂ ಠಸ್ಸೆ ತಪ್ಪದೆ ಹಸ್ತದ ಮೇಲೆ ಬಿತ್ತು. ಜನ ಚಿಹ್ನೆಯ ಹಿಂದೆ ಹೋಗಲಿಲ್ಲ, ಇಂದಿರಮ್ಮನ ಹಿಂದೆ ಹೋದರು. ಗೆಲುವಿನ ಅಂತರ 77,333.

ಮುಖ ನೋಡಿ ಕೊಟ್ಟ ಮತ ಎಂದಮಾತ್ರಕ್ಕೆ ಅದು ಲೆಕ್ಕವಿಲ್ಲದೆ ಕೊಟ್ಟ ಮತವಲ್ಲ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಗೇಣಿ ಪದ್ಧತಿಯನ್ನೇ ತೆಗೆದುಹಾಕಿತ್ತು. ಗೇಣಿದಾರರು ಡಿಕ್ಲರೇಷನ್ ಹಾಕಿ, ಭೂ ನ್ಯಾಯಮಂಡಳಿಯ ಮುಂದೆ ನಿಂತು, ತಲೆಮಾರುಗಳಿಂದ ಉಳುತ್ತಿದ್ದ ನೆಲವನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳುತ್ತಿದ್ದ ಕಾಲ ಅದು. ಜೀತ ರದ್ದಾಗಿತ್ತು. ಬಡವರ ಕೈಸಾಲ ಮನ್ನಾ ಮಾಡುವ ಕಾನೂನು ಬಂದಿತ್ತು. ಹಿಂದುಳಿದ ವರ್ಗಗಳ ಕುರಿತ ಹಾವನೂರು ಆಯೋಗ 1975ರಲ್ಲಿ ವರದಿ ಕೊಟ್ಟಿತ್ತು. ಇವನ್ನು ಮಾಡಿಸಿದವರು ಅರಸು. ಮೇಲಿನಿಂದ ಬೆನ್ನಿಗೆ ನಿಂತವರು ಇಂದಿರಾ ಎಂದೇ ಜನ ತಿಳಿದಿದ್ದರು. ದೇಶವೆಲ್ಲ ಕಾಂಗ್ರೆಸ್ಸನ್ನು ತಳ್ಳಿಹಾಕಿದ 1977ರಲ್ಲೂ ಕರ್ನಾಟಕ 28ರಲ್ಲಿ 26 ಸ್ಥಾನಗಳನ್ನು ಆ ಪಕ್ಷಕ್ಕೆ ಕೊಟ್ಟಿತು. 1978ರ ಫೆಬ್ರುವರಿಯ ವಿಧಾನಸಭಾ ಚುನಾವಣೆಯಲ್ಲಿ 224ರಲ್ಲಿ 149 ಸ್ಥಾನ ಇಂದಿರಾ ಕಾಂಗ್ರೆಸ್ಸಿಗೆ ಬಂತು. ನೆಲ ಕೊಟ್ಟವರಿಗೆ, ಸಾಲ ಬಿಡಿಸಿದವರಿಗೆ ಕೃತಜ್ಞತೆ ತೋರಿಸುವುದು ಭಾವುಕತೆಯಲ್ಲ. ಬಡವನಿಗೆ ರಾಜಕೀಯವನ್ನು ಅಳೆಯಲು ಅದಕ್ಕಿಂತ ನಂಬಿಕಸ್ತ ಕೋಲು ಇನ್ನೊಂದಿಲ್ಲ.

ಹಾಗಾದರೆ ಅನುಮಾನಪಟ್ಟವರು ತಪ್ಪೇ? ಖಂಡಿತ ಅಲ್ಲ. ಅವರ ಕೈಯಲ್ಲಿದ್ದದ್ದು ಸತ್ಯ, ಬಹಳ ಕಠೋರವಾದ ಸತ್ಯ. ಇಂದಿರಾ ಹೇರಿದ್ದ ತುರ್ತುಪರಿಸ್ಥಿತಿಯ 21 ತಿಂಗಳಲ್ಲಿ ದೇಶದಲ್ಲಿ ಲಕ್ಷಕ್ಕೂ ಹೆಚ್ಚು ಜನ ವಿಚಾರಣೆಯಿಲ್ಲದೆ ಜೈಲು ಸೇರಿದ್ದರು. ಆ ದಿನಗಳ ಅತಿರೇಕಗಳನ್ನು ತನಿಖೆ ಮಾಡಿದ ಷಾ ಆಯೋಗದ ಕೊನೆಯ ವರದಿ ಈ ಉಪಚುನಾವಣೆಗೆ ಮೂರು ತಿಂಗಳ ಹಿಂದಷ್ಟೇ ಸಿದ್ಧವಾಗಿತ್ತು. ಅದೇನೂ ಉತ್ತರ ಭಾರತದ ದೂರದ ಸುದ್ದಿಯಲ್ಲ. ಜಾರ್ಜ್ ಫರ್ನಾಂಡಿಸ್ ಅವರ ತಮ್ಮ ಲಾರೆನ್ಸ್‌ಗೆ ಪೊಲೀಸರು ಚಿತ್ರಹಿಂಸೆ ಕೊಟ್ಟದ್ದು ಬೆಂಗಳೂರಿನಲ್ಲಿ. 'ಸಂಸ್ಕಾರ' ಸಿನಿಮಾದ ನಟಿ ಸ್ನೇಹಲತಾ ರೆಡ್ಡಿ ಉಬ್ಬಸದಿಂದ ನರಳುತ್ತ ಕಾಲ ಕಳೆದದ್ದು ಬೆಂಗಳೂರಿನ ಸೆರೆಮನೆಯಲ್ಲಿ; ಹೊರಗೆ ಬಿಟ್ಟ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ಅವರು ತೀರಿಕೊಂಡರು. ಆ ಪೊಲೀಸರು, ಆ ಸೆರೆಮನೆ ಎರಡೂ ಗೇಣಿದಾರನಿಗೆ ನೆಲ ಕೊಡಿಸುತ್ತಿದ್ದ ಅದೇ ಅರಸು ಸರ್ಕಾರದ ಕೆಳಗಿದ್ದವು. ಇಂದಿರಮ್ಮನ ಅಭಿಮಾನಿಗಳು ಈ ಮಾತಿಗೆ ಎದುರಾಗಿ ನಿಲ್ಲಲೇ ಇಲ್ಲ. ನೆಲ ಸಿಕ್ಕ ಸಂತೋಷ ದೊಡ್ಡದು, ನಿಜ. ಆದರೆ ಪ್ರಶ್ನೆ ಕೇಳಿದವರನ್ನು ರಾತ್ರಿ ಹೊತ್ತು ಎಳೆದೊಯ್ಯುವ ಸರ್ಕಾರದ ಕೈಯಿಂದ ಬಂದ ನೆಲಕ್ಕೆ ನಾಳೆ ಯಾರು ಕಾವಲು ಎಂದು ಕೇಳಿಕೊಳ್ಳದಿದ್ದುದು ಆ ಉತ್ಸಾಹದ ದೊಡ್ಡ ಲೋಪ.

ಇಷ್ಟು ಬಲವಾದ ಸತ್ಯ ಕೈಯಲ್ಲಿದ್ದೂ ಜನತಾ ಪಕ್ಷ ಅದನ್ನು ಹಳ್ಳಿಯ ಜಗಲಿಗೆ ಮುಟ್ಟಿಸಲಾರದೆ ಹೋಯಿತು. ಪ್ರಚಾರದ ಹೊಣೆ ಹೊತ್ತವರು ಅದೇ ಜಾರ್ಜ್ ಫರ್ನಾಂಡಿಸ್, ಆಗ ಕೇಂದ್ರದ ಕೈಗಾರಿಕಾ ಸಚಿವರು. ಅವರ ಪಾಳಯದ ಒಂದು ಭಿತ್ತಿಪತ್ರ ಹೆಸರಾಯಿತು: ಹೆಡೆಯೆತ್ತಿದ ನಾಗರಹಾವು, ಈ ಚುನಾವಣೆಯಲ್ಲಿ ಅದು ಮತ್ತೆ ಹೆಡೆಯೆತ್ತಲಿದೆ ಎಂಬ ಎಚ್ಚರಿಕೆ. ಕಡೂರಿನಿಂದ ಅಜ್ಜಂಪುರದವರೆಗೆ ಯಾವ ಊರಿನ ಅರಳಿಕಟ್ಟೆಗೆ ಹೋದರೂ ಒಂದೆರಡು ನಾಗರಕಲ್ಲು ಕಣ್ಣಿಗೆ ಬೀಳುತ್ತವೆ. ಎಣ್ಣೆ ಹಿಡಿದು ಕಪ್ಪಾದ ಕಲ್ಲು, ಹೆಡೆಯ ಮೇಲೆ ಅರಿಶಿನ-ಕುಂಕುಮದ ಪದರ. ಮಕ್ಕಳಾಗಲೆಂದು ಹರಕೆ ಹೊತ್ತ ಹೆಂಗಸರು ಅದಕ್ಕೆ ಪ್ರದಕ್ಷಿಣೆ ಬರುತ್ತಾರೆ, ಪಂಚಮಿಯ ದಿನ ತನಿ ಎರೆಯುತ್ತಾರೆ. ಅಂಥ ಕಡೆ ಎದುರಾಳಿಯನ್ನು ನಾಗರಕ್ಕೆ ಹೋಲಿಸುವುದೆಂದರೆ ಅವಳನ್ನು ಬೈದಂತಾಗುವುದಿಲ್ಲ, ಪೂಜೆಗೆ ಕೂರಿಸಿದಂತಾಗುತ್ತದೆ. ಆ ಚಿತ್ರ ತಿರುಗುಬಾಣವಾಯಿತೆಂದು ಅಂದಿನ ವರದಿಗಾರರೇ ಬರೆದರು. ಸ್ನೇಹಲತಾ ರೆಡ್ಡಿಯವರ ಕಥೆಯನ್ನು ಯಾವ ತಾಯಿಯ ಮುಂದೆ ಹೇಳಿದ್ದರೂ ಅರ್ಥವಾಗುತ್ತಿತ್ತು. ಆದರೆ ಆ ಪ್ರಚಾರದಿಂದ ಜನರ ನೆನಪಿನಲ್ಲಿ ಉಳಿದದ್ದು ಹಾವಿನ ಚಿತ್ರ.

ಇನ್ನೊಂದು ವಾದ, ಇಂದಿರಾ ಹೊರಗಿನವರು ಎಂಬುದು. ಅದಂತೂ ನಿಲ್ಲುವ ವಾದವೇ ಅಲ್ಲ. ವೀರೇಂದ್ರ ಪಾಟೀಲರು ಮಾಜಿ ಮುಖ್ಯಮಂತ್ರಿ, ಒಳ್ಳೆಯ ಆಡಳಿತಗಾರರೆಂದು ಹೆಸರು ಮಾಡಿದವರು. ಆದರೆ ಅವರೂ ಕಲಬುರಗಿ ಜಿಲ್ಲೆಯ ಚಿಂಚೋಳಿಯವರು. ಬೀರೂರಿನ ಸಂತೆಗೆ ಬಂದವನಿಗೆ ಇಬ್ಬರೂ ಪರಸ್ಥಳದವರೇ. ಡಾ. ರಾಜ್‌ಕುಮಾರ್ ಅವರನ್ನು ಇಂದಿರಾ ವಿರುದ್ಧ ನಿಲ್ಲಿಸುವ ಪ್ರಯತ್ನ ನಡೆದಿತ್ತು ಎಂಬ ಮಾತು ಇಂದಿಗೂ ಓಡಾಡುತ್ತದೆ. ರಾಜ್‌ಕುಮಾರ್ ನಿಲ್ಲಲಿಲ್ಲ, ಅದು ಅವರ ವಿವೇಕ. ಜನಪ್ರಿಯತೆಯನ್ನು ಇನ್ನೊಂದು ಜನಪ್ರಿಯತೆಯಿಂದಲೇ ಸೋಲಿಸಬೇಕು ಎಂದು ಹೊರಟರೆ ತುರ್ತುಪರಿಸ್ಥಿತಿಯ ಪ್ರಶ್ನೆ ಪೂರ್ತಿ ಮುಚ್ಚಿಹೋಗುತ್ತಿತ್ತು.

ಇನ್ನು ಈ ಎರಡೂ ಪಾಳಯದ ಪ್ರಚಾರದಲ್ಲಿ ಬಯಲಿನ ಮತದಾರ ಎಲ್ಲಿದ್ದ? ಈ ವಿಮರ್ಶೆಯ ಮುಖ್ಯ ತಕರಾರು ಇಲ್ಲಿದೆ. ಒಬ್ಬರಿಗೆ ಆತ ದೆಹಲಿಗೆ ಮರಳುವ ಮೆಟ್ಟಿಲಾದ. ಇನ್ನೊಬ್ಬರಿಗೆ ದೆಹಲಿಯ ಬಾಗಿಲು ಮುಚ್ಚುವ ಚಿಲಕವಾದ. ಅವನಿಗೇ ಸೇರಿದ ಪ್ರಶ್ನೆ ನೀರಿನದು. ಭದ್ರಾ ಅಣೆಕಟ್ಟು ಕಟ್ಟಿರುವುದು ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ. ಅದರ ನೀರು ಭದ್ರಾವತಿ, ದಾವಣಗೆರೆಯ ಕಡೆಯ ಗದ್ದೆ-ತೋಟಗಳಿಗೆ ದೂರದೂರ ಹರಿಯುತ್ತದೆ. ಪಕ್ಕದ ಕಡೂರು, ಅಜ್ಜಂಪುರದ ಎತ್ತರದ ನೆಲ ಮಳೆಗಾಗಿ ಮುಗಿಲು ನೋಡುತ್ತದೆ. ಸರ್ವಾಧಿಕಾರ ಮತ್ತು ಪ್ರಜಾಪ್ರಭುತ್ವದ ನಡುವಿನ ಮಹಾಯುದ್ಧ ಎಂದು ಬಣ್ಣಿಸಲಾದ ಚುನಾವಣೆಯಲ್ಲಿ ಈ ಪ್ರಶ್ನೆ ಮುಂದಿನ ಸಾಲಿಗೆ ಬರಲೇ ಇಲ್ಲ.

ಗೆದ್ದ ಮೇಲಿನ ಕಥೆ ಇನ್ನೂ ಬೇಸರದ್ದು. 1978ರ ಡಿಸೆಂಬರ್ 19ರಂದು, ಫಲಿತಾಂಶ ಬಂದು ಒಂದೂವರೆ ತಿಂಗಳೂ ಆಗಿರಲಿಲ್ಲ, ಹಕ್ಕುಚ್ಯುತಿಯ ಆರೋಪದ ಮೇಲೆ ಲೋಕಸಭೆ ಇಂದಿರಾ ಅವರನ್ನು ಸದಸ್ಯತ್ವದಿಂದಲೇ ಹೊರಹಾಕಿ ತಿಹಾರ್ ಜೈಲಿಗೆ ಕಳಿಸಿತು. ಪ್ರಧಾನಿಯಾಗಿದ್ದಾಗ ಮಾರುತಿ ಕಂಪನಿಯ ಬಗ್ಗೆ ಮಾಹಿತಿ ಕಲೆಹಾಕುತ್ತಿದ್ದ ಅಧಿಕಾರಿಗಳಿಗೆ ಕಿರುಕುಳ ಕೊಟ್ಟರೆಂಬುದು ಆರೋಪ. ಅದರಲ್ಲಿ ಹುರುಳಿತ್ತು, ತನಿಖೆಯೂ ನ್ಯಾಯವೇ. ಆದರೆ ಪ್ರಜಾಪ್ರಭುತ್ವದ ಹೆಸರಲ್ಲಿ ಮತ ಕೇಳಿದ್ದ ಪಕ್ಷವೇ ಅದೇ ತಾನೇ ಜನ ಆರಿಸಿ ಕಳಿಸಿದ ಪ್ರತಿನಿಧಿಯನ್ನು ಬಹುಮತದ ಬಲದಿಂದ ಎತ್ತಿ ಹೊರಗೆ ಹಾಕಿತು. ತರೀಕೆರೆಯ ಗೇಣಿದಾರ ಒತ್ತಿದ ಠಸ್ಸೆಗೆ ಬೆಲೆ ಇಲ್ಲವೆಂದು ದೆಹಲಿ ಹೇಳಿದಂತಾಯಿತು. ಆ ನಿರ್ಣಯವನ್ನು 1981ರಲ್ಲಿ ಲೋಕಸಭೆಯೇ ರದ್ದು ಮಾಡಿತು. ಅಷ್ಟರಲ್ಲಿ ಇಂದಿರಾ ಮತ್ತೆ ಪ್ರಧಾನಿಯಾಗಿದ್ದರು.

ಅವರೂ ಚಿಕ್ಕಮಗಳೂರಿಗೆ ಅಭ್ಯರ್ಥಿಯಾಗಿ ಮರಳಲಿಲ್ಲ. 1980ರಲ್ಲಿ ಮೇಡಕ್ ಮತ್ತು ರಾಯ್ ಬರೇಲಿ ಎರಡರಲ್ಲೂ ಗೆದ್ದು ಮೇಡಕ್ ಉಳಿಸಿಕೊಂಡರು. ಅವರನ್ನು ಕರೆತಂದ ಅರಸು 1979ರಲ್ಲೇ ಅವರಿಂದ ಬೇರೆಯಾಗಿದ್ದರು. ಜಾಗ ಬಿಟ್ಟುಕೊಟ್ಟ ಚಂದ್ರೇಗೌಡರು ಮುಂದೆ ಬೇರೆ ಬೇರೆ ಪಕ್ಷಗಳಲ್ಲಿ ಕಾಣಿಸಿಕೊಂಡು ಕೊನೆಗೆ ಬಿಜೆಪಿಯಿಂದ ಸಂಸದರಾದರು. ಎದುರಾಳಿ ವೀರೇಂದ್ರ ಪಾಟೀಲರು 1980ರಲ್ಲಿ ಅದೇ ಇಂದಿರಾ ಸಂಪುಟದಲ್ಲಿ ಪೆಟ್ರೋಲಿಯಂ ಸಚಿವರು! ನಾಯಕರೆಲ್ಲ ತಮ್ಮ ತಮ್ಮ ದಾರಿ ಹಿಡಿದರು. ಅವರಿಗಾಗಿ ಊರಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರ ನಡುವಿನ ಮುನಿಸಿಗೆ ಯಾರೂ ಹೊಣೆಯಾಗಲಿಲ್ಲ.

ದೆಹಲಿಯ ಮುಖ ನೋಡಿ ಮತ ಹಾಕುವ ಈ ರೂಢಿ ಅಲ್ಲಿಗೇ ನಿಂತಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. 2008ರ ಪುನರ್ವಿಂಗಡಣೆಯಲ್ಲಿ ಕಡೂರು ಹಾಸನ ಲೋಕಸಭಾ ಕ್ಷೇತ್ರಕ್ಕೂ, ಅಜ್ಜಂಪುರ ಸೇರಿದ ತರೀಕೆರೆ ಉಡುಪಿ-ಚಿಕ್ಕಮಗಳೂರಿಗೂ ಹೋದವು. ಕಡೂರಿನವರಿಗೆ ಮಾಜಿ ಪ್ರಧಾನಿ ದೇವೇಗೌಡರೇ 2009 ಮತ್ತು 2014ರಲ್ಲಿ ಸಂಸದರು. ತರೀಕೆರೆ ಕಡೆ ಮತ ಕೇಳಿದ್ದು ನರೇಂದ್ರ ಮೋದಿಯವರ ಹೆಸರಿನಲ್ಲಿ. ಬಿಜೆಪಿಯ ಶೋಭಾ ಕರಂದ್ಲಾಜೆಯವರ ಗೆಲುವಿನ ಅಂತರ 2014ರಲ್ಲಿ ಸುಮಾರು 1.8 ಲಕ್ಷ, 2019ರಲ್ಲಿ ಸುಮಾರು 3.5 ಲಕ್ಷ. ಅಷ್ಟು ದೊಡ್ಡ ಅಂತರದಿಂದ ಗೆದ್ದ ಸಂಸದೆಯ ವಿರುದ್ಧ 2024ರ ಆರಂಭದಲ್ಲಿ 'ಗೋ ಬ್ಯಾಕ್' ಎಂದು ಕೂಗಿದವರು ಅವರದೇ ಪಕ್ಷದ ಕಾರ್ಯಕರ್ತರು. ಅವರು ಬೆಂಗಳೂರು ಉತ್ತರಕ್ಕೆ ಹೋದರು, ಇಲ್ಲಿ ಕೋಟ ಶ್ರೀನಿವಾಸ ಪೂಜಾರಿ ನಿಂತು ಗೆದ್ದರು. ಮತ ಕೊಟ್ಟದ್ದು ದೆಹಲಿಯ ಮುಖಕ್ಕೆ, ಸಿಟ್ಟು ಬಂದದ್ದು ಕ್ಷೇತ್ರದ ಸಂಸದರ ಮೇಲೆ. 1978ರಲ್ಲಿ ಇವರಿಬ್ಬರೂ ಒಬ್ಬರೇ ಆಗಿದ್ದರು. ಈಗ ಬೇರೆ ಬೇರೆ. ಹೀಗಾಗಿ ಜನಪ್ರಿಯ ನಾಯಕನಿಗೆ ಉತ್ತರ ಹೇಳುವ ಹೊಣೆ ಇನ್ನಷ್ಟು ದೂರವಾಗಿದೆ.

ನೀರಿನ ಪ್ರಶ್ನೆ ಮಾತ್ರ ಕೊನೆಗೂ ಬಜೆಟ್ ಭಾಷಣದವರೆಗೆ ಹೋಯಿತು. ವಿಧಾನಸಭಾ ಚುನಾವಣೆಗೆ ಮೂರು ತಿಂಗಳಿದ್ದಾಗ, 2023ರ ಫೆಬ್ರುವರಿಯಲ್ಲಿ, ಕೇಂದ್ರ ಬಜೆಟ್ ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ರೂಪಾಯಿ ನೆರವು ಘೋಷಿಸಿತು. ತುಂಗೆಯ ನೀರನ್ನು ಭದ್ರೆಗೆ ಎತ್ತಿ, ಭದ್ರೆಯಿಂದ ಅಜ್ಜಂಪುರದ ಸುರಂಗದ ಮೂಲಕ ಬಯಲಿಗೆ ಹರಿಸುವ ಯೋಜನೆ ಇದು. ಚಿತ್ರದುರ್ಗ, ತುಮಕೂರಿನ ಜೊತೆಗೆ ಕಡೂರು, ತರೀಕೆರೆಯ ಒಣ ಹಳ್ಳಿಗಳೂ ಅದರ ಪಟ್ಟಿಯಲ್ಲಿವೆ. ಆ ಹಣ ಬಂದಿಲ್ಲವೆಂದು ರಾಜ್ಯ ಸರ್ಕಾರ, ರಾಜ್ಯವೇ ಸರಿಯಾಗಿ ನಡೆದುಕೊಂಡಿಲ್ಲವೆಂದು ಬಿಜೆಪಿ ವರ್ಷಗಟ್ಟಲೆ ಜಗಳವಾಡಿವೆ. ಮುಂದಿನ ಸಲ ಯಾವ ಪಕ್ಷದ ಜನಪ್ರಿಯ ನಾಯಕರ ಹೆಲಿಕಾಪ್ಟರ್ ಈ ಸೀಮೆಯಲ್ಲಿ ಇಳಿದರೂ, ಅವರಿಗೆ ಜೈಕಾರ ಹಾಕುವವರೂ ಧಿಕ್ಕಾರ ಕೂಗುವವರೂ ಒಟ್ಟಾಗಿ ಕೇಳಬೇಕಾದದ್ದು ಆ 5,300 ಕೋಟಿಯ ಲೆಕ್ಕ, ಕಡೂರಿನ ಕೆರೆಗೆ ನೀರು ಬೀಳುವ ವರ್ಷ.