ಬಿದ್ದ ಗೋಡೆಯ ವಿಚಾರಣೆ

ಕಾಶಿಯಾತ್ರೆ ಮಾಡಿಬಂದ ಕನ್ನಡಿಗರಿಗೆ ಗೋದೌಲಿಯಾ ಚೌಕ ಅಪರಿಚಿತವಲ್ಲ. ವಿಶ್ವನಾಥನ ದರ್ಶನಕ್ಕೆ ಹೋಗುವವರು, ದಶಾಶ್ವಮೇಧ ಘಟ್ಟಕ್ಕೆ ಸ್ನಾನಕ್ಕಿಳಿಯುವವರು, ಜಂಗಮವಾಡಿ ಮಠವನ್ನು ವಿಚಾರಿಸಿಕೊಂಡು ಬರುವ ನಮ್ಮ ಕಡೆಯ ಭಕ್ತರು, ಎಲ್ಲರೂ ಈ ಚೌಕವನ್ನು ಹಾದೇ ಹೋಗಬೇಕು. ಆದರೆ ಇಲ್ಲಿಂದ ಕೂಗಳತೆಯ ದೂರದ ದಶಾಶ್ವಮೇಧ ಘಟ್ಟದಲ್ಲಿ ನೂರ ನಲವತ್ತು ವರ್ಷಗಳಿಗೂ ಹಿಂದೆ ಒಂದು ಪುಟ್ಟ ನಾಟಕ ಸಮಾಜವಿತ್ತೆಂಬುದು ಯಾತ್ರಿಕರಿಗೆ ತಿಳಿದಿರುವುದು ಅಪರೂಪ. ಬಂಗಾಳಿಗಳೂ ಹಿಂದಿಯವರೂ ಸೇರಿ ಕಟ್ಟಿಕೊಂಡಿದ್ದ ಆ ಸಮಾಜದ ಹೆಸರು ಹಿಂದೂ ನ್ಯಾಷನಲ್ ಥಿಯೇಟರ್. ಅವರು ಆಡುವುದಕ್ಕೆಂದು ೧೮೮೧ರಲ್ಲಿ ಭಾರತೇಂದು ಹರಿಶ್ಚಂದ್ರ ಒಂದೇ ದಿನದಲ್ಲಿ ಬರೆದುಕೊಟ್ಟರೆಂದು ಹೇಳಲಾಗುವ ಆರು ಅಂಕಗಳ ಪ್ರಹಸನವೇ 'ಅಂಧೇರ್ ನಗರಿ'.

ಈ ನಾಟಕವನ್ನು ಸಾಮಾನ್ಯವಾಗಿ ಮಕ್ಕಳ ನಾಟಕವೆಂದು ಬದಿಗಿಡುತ್ತಾರೆ. ಹುಚ್ಚು ರಾಜ, ದಪ್ಪ ಶಿಷ್ಯ, ಜಾಣ ಗುರು. ನಗುವುದಕ್ಕೆ ಬೇಕಾದುದೆಲ್ಲ ಇದೆ. ನಗಬಾರದೆಂದು ನಾವೂ ಹೇಳುವುದಿಲ್ಲ. ಆದರೆ ನಗರದ ಕಾಮಗಾರಿ, ಗುತ್ತಿಗೆ, ಟೆಂಡರು ಎಂಬ ಮಾತುಗಳು ದಿನಬೆಳಗಾದರೆ ಕಿವಿಗೆ ಬೀಳುವ ಈ ಕಾಲದಲ್ಲಿ ಅದನ್ನು ಇನ್ನೊಮ್ಮೆ ಓದಿದರೆ ಬೇರೆಯೇ ಅರ್ಥ ಹೊಳೆಯುತ್ತದೆ. ಕೆಟ್ಟ ಕೆಲಸದ ಹೊಣೆ ಕೈಯಿಂದ ಕೈಗೆ ದಾಟುತ್ತ ಹೋಗಿ ಕೊನೆಗೆ ಯಾರ ಕೊರಳಿಗೆ ಬೀಳುತ್ತದೆ ಎಂಬುದನ್ನು ಇಷ್ಟು ಚುರುಕಾಗಿ ತೋರಿಸಿದ ಇನ್ನೊಂದು ನಾಟಕವನ್ನು ಹುಡುಕುವುದು ಕಷ್ಟ.

ಕರ್ತೃವಿನ ವಿಚಾರ ಎರಡು ಮಾತು. ಹರಿಶ್ಚಂದ್ರ ೧೮೫೦ರಲ್ಲಿ ಕಾಶಿಯ ಶ್ರೀಮಂತ ವ್ಯಾಪಾರಿ ಮನೆತನದಲ್ಲಿ ಹುಟ್ಟಿ, ೧೮೮೫ರಲ್ಲಿ ಮೂವತ್ತನಾಲ್ಕನೆಯ ವಯಸ್ಸಿಗೇ ತೀರಿಕೊಂಡವರು. ಕೆಲಕಾಲ ಗೌರವ ಮ್ಯಾಜಿಸ್ಟ್ರೇಟರೂ ಆಗಿದ್ದರು. ಅಂಗಡಿಯ ಲೆಕ್ಕ ಮತ್ತು ಕಚೇರಿಯ ತೀರ್ಪು, ಎರಡನ್ನೂ ಒಳಗಿನಿಂದ ಬಲ್ಲವರು ಬರೆದ ನಾಟಕವಿದು ಎಂಬುದನ್ನು ಮರೆಯಬಾರದು.

ಕಥೆ ಗೊತ್ತಿಲ್ಲದವರಿಗಾಗಿ ಅದರ ಎಳೆಯನ್ನಷ್ಟು ಹೇಳುತ್ತೇವೆ. ಒಬ್ಬ ಮಹಂತ ಇಬ್ಬರು ಶಿಷ್ಯರೊಂದಿಗೆ ಒಂದು ಊರಿಗೆ ಬರುತ್ತಾನೆ. ಆ ಊರಿನ ಪೇಟೆಯಲ್ಲಿ ಸೊಪ್ಪಿಗೂ ಖಾಜಾ ಮಿಠಾಯಿಗೂ ಒಂದೇ ದರ. ಸೊಪ್ಪಿನ ಬೆಲೆಗೆ ಸಿಹಿ ಸಿಕ್ಕುವ ಊರು ಅಪಾಯದ ಊರೆಂದು ಗುರು ಹೊರಟುಬಿಡುತ್ತಾನೆ. ಗೋಬರ್ಧನದಾಸನೆಂಬ ಶಿಷ್ಯ ಮಾತ್ರ ಮಿಠಾಯಿಯ ಆಸೆಗೆ ಅಲ್ಲೇ ಉಳಿಯುತ್ತಾನೆ. ಇತ್ತ ಕಲ್ಲೂ ಎಂಬ ವ್ಯಾಪಾರಿಯ ಗೋಡೆ ಕುಸಿದು ಒಬ್ಬನ ಮೇಕೆ ಸತ್ತಿದೆ. ಅವನು ದೂರು ತಂದಿದ್ದಾನೆ. ಗೋಡೆಯನ್ನೇ ಹಿಡಿದು ತರಲು ರಾಜ ಮೊದಲು ಅಪ್ಪಣೆ ಮಾಡುತ್ತಾನೆ. ಅದು ಆಗದ ಮಾತೆಂದ ಮೇಲೆ ವ್ಯಾಪಾರಿಯನ್ನು ಕರೆಸುತ್ತಾರೆ. ವ್ಯಾಪಾರಿ ಮೇಸ್ತ್ರಿಯ ಕಡೆ ಬೆರಳು ತೋರಿಸುತ್ತಾನೆ, ಮೇಸ್ತ್ರಿ ಸುಣ್ಣದವನ ಕಡೆ. ಭಿಸ್ತಿ ನೀರು ಹೆಚ್ಚು ಸುರಿದದ್ದರಿಂದ ಸುಣ್ಣ ಸಡಿಲವಾಯಿತೆಂದು ಸುಣ್ಣದವನ ವಾದ. ಕಟುಕ ತೊಗಲ ಚೀಲವನ್ನು ದೊಡ್ಡದಾಗಿ ಮಾಡಿದನೆಂದು ಭಿಸ್ತಿ ಹೇಳಿದರೆ, ದೊಡ್ಡ ಕುರಿಯನ್ನು ಮಾರಿದ ಕುರಿಗಾಹಿಯದು ತಪ್ಪೆಂದು ಕಟುಕ ಹೇಳುತ್ತಾನೆ. ಕೊತ್ವಾಲರ ಸವಾರಿ ಹೊರಟ ಗದ್ದಲದಲ್ಲಿ ಕುರಿಯ ಗಾತ್ರ ತನ್ನ ಗಮನಕ್ಕೆ ಬರಲಿಲ್ಲವೆಂಬುದು ಕುರಿಗಾಹಿಯ ಉತ್ತರ. ಕೊತ್ವಾಲನಿಗೇ ಗಲ್ಲು ಎಂದು ತೀರ್ಪಾಗುತ್ತದೆ. ಆದರೆ ಕುಣಿಕೆ ದೊಡ್ಡದು, ಕೊತ್ವಾಲ ಸಣಕಲ. ಮೇಕೆ ಸತ್ತ ಮೇಲೆ ಯಾರಿಗಾದರೂ ಶಿಕ್ಷೆಯಾಗಲೇಬೇಕಲ್ಲವೇ? ಮಿಠಾಯಿ ತಿಂದು ಕೊಬ್ಬಿದ ಗೋಬರ್ಧನದಾಸ ಸಿಕ್ಕಿಬೀಳುತ್ತಾನೆ.

ಈ ಕಥೆ ನಮಗೇನೂ ಹೊಸದಲ್ಲ. ಇದರ ಅಣ್ಣತಮ್ಮನಂಥ ಜನಪದ ಕಥೆ ಕನ್ನಡದಲ್ಲಿದೆ. ಎ. ಕೆ. ರಾಮಾನುಜನ್ ೧೯೯೧ರಲ್ಲಿ ಪ್ರಕಟಿಸಿದ ಭಾರತೀಯ ಜನಪದ ಕಥೆಗಳ ಇಂಗ್ಲಿಷ್ ಸಂಕಲನದಲ್ಲಿ ಅದನ್ನು ಸೇರಿಸಿದ್ದಾರೆ. ನಮ್ಮ ಮಕ್ಕಳು ಕೇಂದ್ರೀಯ ಪಠ್ಯಪುಸ್ತಕದಲ್ಲೂ ಅದನ್ನು ಓದಿರಬಹುದು. ಅಲ್ಲಿ ಎಲ್ಲ ಸಾಮಾನಿಗೂ ಒಂದು ದುಡ್ಡು ಬೆಲೆ. ಗೋಡೆ ಬಿದ್ದು ಸತ್ತವನು ಕನ್ನ ಕೊರೆಯಲು ಬಂದ ಕಳ್ಳ. ಹೊಣೆ ಮನೆಯೊಡೆಯನಿಂದ ಗೋಡೆ ಕಟ್ಟಿದವನಿಗೆ, ಅವನ ಚಿತ್ತ ಕೆಡಿಸಿದ ನರ್ತಕಿಗೆ, ಅವಳನ್ನು ಒಡವೆಗಾಗಿ ಅಲೆದಾಡಿಸಿದ ಅಕ್ಕಸಾಲಿಗನಿಗೆ, ಅವನಿಗೆ ಕೆಲಸ ಹಚ್ಚಿದ ಸಾಹುಕಾರನಿಗೆ ದಾಟಿ, ಸುತ್ತಿಕೊಂಡು ಮೊದಲಿನ ಮನೆಗೇ ಬರುತ್ತದೆ.

ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಒಂದು ವ್ಯತ್ಯಾಸ ಎದ್ದುಕಾಣುತ್ತದೆ. ನಮ್ಮ ಕಥೆಯ ಸರಪಳಿಯಲ್ಲಿ ಸರಕಾರಿ ಅಧಿಕಾರಿ ಯಾರೂ ಇಲ್ಲ. ಎಲ್ಲರೂ ಊರ ಮಂದಿಯೇ. ಹರಿಶ್ಚಂದ್ರರ ನಾಟಕದಲ್ಲಿ ಸರಪಳಿಯ ಕೊನೆಯ ಕೊಂಡಿ ಕೊತ್ವಾಲ. ಇಡೀ ವಿಚಾರಣೆಯಲ್ಲಿ ತೀರ್ಪು ಅಧಿಕಾರಿಯನ್ನು ಮುಟ್ಟುವುದು ಒಂದೇ ಒಂದು ಸಲ, ಆ ಸಲವೇ ಕುಣಿಕೆ ಸಡಿಲವಾಗುತ್ತದೆ. ಮೇಸ್ತ್ರಿಗೋ ಭಿಸ್ತಿಗೋ ಶಿಕ್ಷೆ ಗೊತ್ತಾಗಿದ್ದರೆ ಅವರ ಕೊರಳಿಗೆ ತಕ್ಕಂತೆ ಹಗ್ಗವನ್ನು ಗಂಟುಹಾಕುತ್ತಿದ್ದರೋ ಏನೋ. ಕೊತ್ವಾಲನ ಪಾಲಿಗೆ ಮಾತ್ರ ಹಗ್ಗದ ಅಳತೆಯೇ ಕಾನೂನಾಗುತ್ತದೆ. ತಾಂತ್ರಿಕ ಕಾರಣದಿಂದ ಮೇಲಧಿಕಾರಿ ಪಾರಾಗುವುದನ್ನು ಇಂದಿನ ಪತ್ರಿಕೆಗಳಲ್ಲಿ ಓದುತ್ತಿರುವ ನಮಗೆ ಈ ದೃಶ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಸೂಕ್ಷ್ಮವನ್ನೂ ಓದುಗರು ಗಮನಿಸಬೇಕು. ವಿಚಾರಣೆ ಬೆಳೆದಂತೆ ರಾಜನ ಬಾಯಲ್ಲಿ ಮೇಕೆ ಎಂಬ ಮಾತೇ ತಿರುಚಿಕೊಳ್ಳುತ್ತದೆ; ಒಂದು ಸಲ ಅದು ಹುಡುಗಿಯಾಗುತ್ತದೆ, ಇನ್ನೊಂದು ಸಲ ಮತ್ತೇನೋ ಆಗುತ್ತದೆ. ಸತ್ತದ್ದು ಏನೆಂಬುದೇ ಮರೆತುಹೋಗಿ, ಕಡತ ಮಾತ್ರ ಮುಂದಕ್ಕೆ ಸಾಗುತ್ತದೆ. ಇದನ್ನು ಬರಿಯ ಹಾಸ್ಯವೆಂದು ಓದಿದರೆ ನಾಟಕಕಾರನಿಗೆ ಅನ್ಯಾಯ ಮಾಡಿದಂತೆ.

ಈಗ ಪೇಟೆಯ ದೃಶ್ಯಕ್ಕೆ ಬರೋಣ. ಇಲ್ಲಿ ಚೂರ್ಣ ಮಾರುವವನು ತನ್ನ ಚೂರ್ಣವನ್ನು ಹೊಗಳುತ್ತ, ಅದನ್ನು ತಿಂದ ಗುಮಾಸ್ತರಿಗೆ ಎರಡರಷ್ಟು ಲಂಚ ಜೀರ್ಣವಾಗುತ್ತದೆಂದು ಸಾರುತ್ತಾನೆ. ಪ್ರೇಕ್ಷಕರು ಚಪ್ಪಾಳೆ ತಟ್ಟುವ ಜಾಗ ಇದು. ಆದರೆ ಲಂಚದ ಮಾತಿಗಿಂತಲೂ ಆಳವಾದ ಟೀಕೆ ಆ ಪೇಟೆಯ ದರದಲ್ಲಿದೆ. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಒಂದೇ ಬೆಲೆಯಾದ ಊರಿನಲ್ಲಿ ಮೇಸ್ತ್ರಿ ಗಟ್ಟಿ ಗಾರೆಯನ್ನು ಏಕೆ ಕಲಸಬೇಕು? ಎರಡನೆಯ ಅಂಕದ ದರವೇ ನಾಲ್ಕನೆಯ ಅಂಕದ ಗೋಡೆಯನ್ನು ಬೀಳಿಸಿದ್ದು ಎಂದು ನಮ್ಮ ಅಭಿಪ್ರಾಯ.

ನಗರಸಭೆಗಳ ಟೆಂಡರು ಪದ್ಧತಿಯನ್ನು ಬಲ್ಲವರಿಗೆ ಈ ಮಾತು ಬೇಗ ಅರ್ಥವಾದೀತು. ಕಾಗದಪತ್ರ, ಅನುಭವ, ಠೇವಣಿ ಸರಿಯಿದ್ದವರ ದರದ ಲಕೋಟೆಯನ್ನು ಬಿಚ್ಚುತ್ತಾರೆ. ಎಲ್ಲರಿಗಿಂತ ಕಡಿಮೆ ಕೇಳಿದವನಿಗೆ ಕೆಲಸ. ಹೆಚ್ಚು ಸಿಮೆಂಟು ಹಾಕುವ ಮನಸ್ಸಿದ್ದವನೂ ಕಡಿಮೆ ಹಾಕುವವನೂ ಒಂದೇ ತಕ್ಕಡಿಯಲ್ಲಿ ಕೂರುತ್ತಾರೆ. ಅಂದಾಜು ವೆಚ್ಚಕ್ಕಿಂತ ತೀರ ಕೆಳಗಿಳಿದು ಕೆಲಸ ಹಿಡಿದವನು ಆ ಕೊರತೆಯನ್ನು ಎಲ್ಲಿ ತುಂಬಿಕೊಳ್ಳಬೇಕು? ಒಂದೋ ಗಾರೆಯಲ್ಲಿ, ಇಲ್ಲವೇ ಅಳತೆ ಪುಸ್ತಕದಲ್ಲಿ. ಕೆಲವೆಡೆ ಗುತ್ತಿಗೆದಾರರೇ ಒಳಗೊಳಗೆ ಮಾತಾಡಿಕೊಂಡು, ಈ ಸಲ ನಿನಗೆ, ಮುಂದಿನ ಸಲ ನನಗೆ ಎಂದು ದರ ಬರೆಯುವುದೂ ಉಂಟು. ಆಗ ಲಕೋಟೆಗಳು ಎಷ್ಟಿದ್ದರೂ ಸ್ಪರ್ಧೆ ಇರುವುದಿಲ್ಲ.

ಹಾಗೆಂದು ಟೆಂಡರೇ ಬೇಡವೆಂದು ಯಾರೂ ತಿಳಿಯಬಾರದು. ಟೆಂಡರು ಇಲ್ಲದ ಕಡೆ ಕೆಲಸ ಅಳಿಯನಿಗೋ ಭಾವಮೈದುನನಿಗೋ ಹೋಗುತ್ತದೆ. ನಮ್ಮ ನಾಡಿನಲ್ಲಿ ಇದಕ್ಕೆಂದೇ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ೧೯೯೯ರಲ್ಲಿ ಬಂತು. ಆದರೆ ಅದರ ೪(ಜಿ) ಕಲಮು ಸರಕಾರ ಬಯಸಿದ ಕೆಲಸಕ್ಕೆ ವಿನಾಯಿತಿ ಕೊಡಲು ಬಾಗಿಲನ್ನೂ ತೆರೆದಿಟ್ಟಿತು. ೨೦೨೧ರ ಜುಲೈಯಲ್ಲಿ ಕರ್ನಾಟಕ ರಾಜ್ಯ ಗುತ್ತಿಗೆದಾರರ ಸಂಘವೇ ಪ್ರಧಾನಮಂತ್ರಿಗೆ ಪತ್ರ ಬರೆದು, ಕಾಮಗಾರಿಯ ಹಣದಲ್ಲಿ ಶೇಕಡಾ ೪೦ರವರೆಗೆ ಕಮಿಷನ್ ಕೊಡಬೇಕಾಗಿದೆ ಎಂದು ಆರೋಪಿಸಿತು. ಇದರ ವಿಚಾರಣೆಗೆ ನೇಮಕವಾದ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗ ೨೦೨೫ರ ಮಾರ್ಚಿಯಲ್ಲಿ ವರದಿ ಸಲ್ಲಿಸಿತು. ಆರೋಪದ ಅಂಕಿ ಅರ್ಧದಷ್ಟೇ ನಿಜವೆಂದಿಟ್ಟುಕೊಂಡರೂ, ಗೋಡೆಗೆ ಹೋಗಬೇಕಾದ ಸುಣ್ಣ ಎಲ್ಲಿಗೆ ಹೋಯಿತೆಂದು ಭಿಸ್ತಿಯನ್ನು ಕೇಳಬೇಕಾಗಿಲ್ಲ.

ರಷ್ಯದ ಗೊಗೋಲ್ ೧೮೩೬ರಲ್ಲಿ ರಂಗಕ್ಕೆ ತಂದ 'ಇನ್‌ಸ್ಪೆಕ್ಟರ್ ಜನರಲ್' ನಾಟಕವನ್ನು ಇಲ್ಲಿ ನೆನೆಯಬಹುದು. ಅಲ್ಲಿನ ಊರ ಮುಖ್ಯಸ್ಥ ತನ್ನ ಮೇಲೆ ದೂರು ಕೊಟ್ಟ ವ್ಯಾಪಾರಿಯನ್ನು ಗದರಿಸುತ್ತ, ಸೇತುವೆ ಕಟ್ಟುವಾಗ ನೂರು ರೂಬಲ್ಲಿನದೂ ಇಲ್ಲದ ಮರಕ್ಕೆ ಇಪ್ಪತ್ತು ಸಾವಿರದ ಲೆಕ್ಕ ಬರೆಯಲು ನೆರವಾದವನು ತಾನಲ್ಲವೇ ಎಂದು ಜ್ಞಾಪಿಸುತ್ತಾನೆ. ಗೊಗೋಲ್ ತೋರಿಸುವುದು ಬಿಲ್ಲು ಬರೆಯುವ ಕೈಗಳನ್ನು. ಹರಿಶ್ಚಂದ್ರ ತೋರಿಸುವುದು ಬಿಲ್ಲಾದ ಮೇಲೆ, ಗೋಡೆಯೂ ಬಿದ್ದ ಮೇಲೆ, ಆ ಕೈಗಳು ಒಂದನ್ನೊಂದು ತೋರಿಸುವ ಪರಿಯನ್ನು. ಎರಡನ್ನೂ ಒಟ್ಟಿಗೆ ಓದಿದರೆ ಚಿತ್ರ ಪೂರ್ತಿಯಾಗುತ್ತದೆ.

ಕಾಶಿಯಲ್ಲಿಯೇ ಈ ಕಥೆ ಕಣ್ಣೀರಿನ ರೂಪದಲ್ಲಿ ನಡೆದುಹೋಯಿತು. ೨೦೧೮ರ ಮೇ ೧೫ರಂದು ಕಂಟೋನ್ಮೆಂಟ್ ರೈಲು ನಿಲ್ದಾಣದ ಹತ್ತಿರ, ಉತ್ತರ ಪ್ರದೇಶದ ಸೇತುವೆ ನಿಗಮ ಕಟ್ಟುತ್ತಿದ್ದ ಮೇಲ್ಸೇತುವೆಯ ತೊಲೆಗಳು ಕೆಳಗೆ ಹೋಗುತ್ತಿದ್ದ ವಾಹನಗಳ ಮೇಲೆ ಬಿದ್ದವು. ಹದಿನೈದಕ್ಕೆ ಕಡಿಮೆಯಿಲ್ಲದಷ್ಟು ಜನ ಸತ್ತರು. ಅಧಿಕಾರಿಗಳ ಅಮಾನತಾಯಿತು, ಜುಲೈಯಲ್ಲಿ ನಿಗಮದ ಎಂಜಿನಿಯರುಗಳನ್ನೂ ಒಬ್ಬ ಗುತ್ತಿಗೆದಾರನನ್ನೂ ಪೋಲೀಸರು ಬಂಧಿಸಿದರು. ಅವರಲ್ಲಿ ಯಾರ ತಪ್ಪು ಎಷ್ಟೆಂದು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ, ವಿಮರ್ಶಕರದಲ್ಲ. ನಾಟಕ ಕೇಳುವ ಪ್ರಶ್ನೆಯಿರುವುದು ಅದಕ್ಕಿಂತ ಹಿಂದೆ: ತೊಲೆಗಳನ್ನು ಮೇಲೇರಿಸಿ, ಕೆಳಗೆ ವಾಹನಗಳನ್ನು ಎಂದಿನಂತೆ ಬಿಟ್ಟಿದ್ದ ಅಷ್ಟು ದಿನವೂ ಅದನ್ನು ನೋಡಬೇಕಾಗಿದ್ದವರು ಏನು ನೋಡುತ್ತಿದ್ದರು? ಅದೇ ನಿಲ್ದಾಣದಿಂದ ಗೋದೌಲಿಯಾದವರೆಗಿನ ರೋಪ್‌ವೇಗೆ ೨೦೨೩ರ ಮಾರ್ಚಿಯಲ್ಲಿ ಶಂಕುಸ್ಥಾಪನೆಯಾಯಿತು. ಸುಮಾರು ೬೪೫ ಕೋಟಿ ರೂಪಾಯಿಯ ಯೋಜನೆ. ಇಷ್ಟು ದೊಡ್ಡ ಹಣ ಒಂದು ಚೌಕಕ್ಕೆ ಹರಿದು ಬರುವಾಗ ಇಂಥ ಪ್ರಶ್ನೆಗಳನ್ನು ಮೊದಲೇ ಕೇಳುವುದು ಊರಿನವರ ಹಕ್ಕು.

ನಾಟಕದಲ್ಲಿ ದೋಷವಿಲ್ಲವೆಂದಲ್ಲ. ನಮ್ಮ ದೊಡ್ಡ ಆಕ್ಷೇಪಣೆ ಮುಕ್ತಾಯದ ಬಗ್ಗೆ. ಈ ಮುಹೂರ್ತದಲ್ಲಿ ಸತ್ತವನು ನೇರವಾಗಿ ವೈಕುಂಠಕ್ಕೆ ಹೋಗುತ್ತಾನೆಂದು ಗುರು ನಂಬಿಸುತ್ತಾನೆ, ರಾಜ ತಾನೇ ಗಲ್ಲಿಗೇರುತ್ತಾನೆ. ಪ್ರೇಕ್ಷಕರಿಗೆ ತೃಪ್ತಿಯಾಗುತ್ತದೆ. ಆದರೆ ಕಲ್ಲೂವಿನ ಗೋಡೆ ಬಿದ್ದೇ ಇದೆ, ಮೇಕೆಯ ಒಡೆಯನಿಗೆ ಕಾಸಿನ ಪರಿಹಾರವೂ ಸಿಕ್ಕಿಲ್ಲ, ಪೇಟೆಯ ದರ ಬದಲಾಗಿಲ್ಲ, ಕೊತ್ವಾಲ ಮನೆಯಲ್ಲಿ ಸುಖವಾಗಿದ್ದಾನೆ. ನಮ್ಮ ಜನಪದ ಕಥೆಯಲ್ಲಿ ರಾಜನೂ ಮಂತ್ರಿಯೂ ಸತ್ತು, ಊರವರು ಗುರುಶಿಷ್ಯರನ್ನೇ ಅವರ ಸ್ಥಾನದಲ್ಲಿ ಕೂರಿಸುತ್ತಾರೆ. ಅಲ್ಲಿಯೂ ಒಳ್ಳೆಯವನೊಬ್ಬ ಮೇಲೆ ಕುಳಿತರೆ ಎಲ್ಲ ಸರಿಹೋದೀತೆಂಬ ಭರವಸೆಯಷ್ಟೇ. ಒಬ್ಬ ಅಧ್ಯಕ್ಷನನ್ನೋ ಮಂತ್ರಿಯನ್ನೋ ಇಳಿಸಿದರೆ ಅಳತೆ ಪುಸ್ತಕ ತಾನಾಗಿ ಶುದ್ಧವಾಗುವುದಿಲ್ಲ. ನಾಟಕದ ಸತ್ಯ ಇರುವುದು ನಾಲ್ಕನೆಯ ಅಂಕದಲ್ಲಿ; ಆರನೆಯದು ಮನೆಗೆ ಹೋಗುವ ಪ್ರೇಕ್ಷಕರಿಗೆ ಕೊಟ್ಟ ಮಿಠಾಯಿ.

ಹೊರನಾಡಿನ ನಮಗೆ ಈ ನಾಟಕ ಮುಖ್ಯವಾಗುವುದು ಗೋಬರ್ಧನದಾಸನ ಮೂಲಕ. ಅವನು ಹೊರಗಿನಿಂದ ಬಂದವನು. ಊರಿನ ಆಡಳಿತ ಹೇಗಿದ್ದರೆ ತನಗೇನು, ಹೊಟ್ಟೆಗೆ ಅಗ್ಗವಾಗಿ ಸಿಗುತ್ತದಲ್ಲ ಎಂದು ನೆಲೆಸಿದವನು. ಇಡೀ ಊರಿನಲ್ಲಿ ದಪ್ಪಗಿರುವವನು ತಾನೊಬ್ಬನೇ ಏನು ಎಂದು ಅವನು ಕೇಳಿದಾಗ ಸಿಪಾಯಿಗಳು ಮುಚ್ಚುಮರೆಯಿಲ್ಲದೆ ಉತ್ತರ ಕೊಡುತ್ತಾರೆ: ರಾಜನ ನ್ಯಾಯದ ಭಯಕ್ಕೆ ಊರವರು ಯಾರೂ ದಪ್ಪವಾಗುವುದಿಲ್ಲ, ಬೇರೆ ಯಾರನ್ನಾದರೂ ಹಿಡಿದರೆ ಅವನು ಏನಾದರೊಂದು ಹೇಳಿ ತಮ್ಮ ತಲೆಗೇ ತಂದಾನು. ಗೋಬರ್ಧನದಾಸನ ಪರವಾಗಿ ಮಾತಾಡುವವರು ಆ ಊರಲ್ಲಿ ಇಲ್ಲವಾದ್ದರಿಂದ ಕುಣಿಕೆ ಅವನಿಗೆ ಸರಿಹೊಂದಿತು. ನಾವು ದೆಹಲಿಯಲ್ಲಿರಲಿ, ಮುಂಬಯಿಯಲ್ಲಿರಲಿ, ಕಲಕತ್ತೆಯಲ್ಲಿರಲಿ, ನಗರಸಭೆಯ ವಿಚಾರ ಬಂದಾಗ ಅದು ಊರಿನವರ ಜಗಳ, ನಮಗೇಕೆ ಎನ್ನುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಬೆಂಗಳೂರಿನ ರಸ್ತೆಯ ಗುಂಡಿಗಳ ವಿಚಾರದಲ್ಲಿ ಗಂಟೆಗಟ್ಟಲೆ ಮಾತಾಡುತ್ತೇವೆ, ನಾವು ತೆರಿಗೆ ಕಟ್ಟುವ ವಾರ್ಡಿನ ಚರಂಡಿಯ ಗುತ್ತಿಗೆ ಎಷ್ಟಕ್ಕಾಯಿತೆಂದು ಕೇಳುವುದಿಲ್ಲ. ಮಾಹಿತಿ ಹಕ್ಕಿನ ಕಾಯಿದೆ ೨೦೦೫ರಿಂದಲೂ ಇದೆ. ಅಂದಾಜು, ಟೆಂಡರು, ಅಳತೆ, ಬಿಲ್ಲು, ಎಲ್ಲದರ ನಕಲನ್ನೂ ಕೇಳಬಹುದು. ಕೇಳುವುದಕ್ಕೆ ಆ ಊರಿನಲ್ಲೇ ಹುಟ್ಟಿರಬೇಕೆಂಬ ನಿಯಮವಿಲ್ಲ.

ಕೊನೆಯದಾಗಿ, ನಮ್ಮ ಸಂಘಗಳ ನಾಟಕ ಸಮಿತಿಗಳಿಗೆ ಒಂದು ಸೂಚನೆ. ಗುಬ್ಬಿ ಕಂಪೆನಿಯಿಂದ ಕಾಶಿಗೆ ಹೋಗಿ, ಹಿಂದೂ ವಿಶ್ವವಿದ್ಯಾಲಯದಲ್ಲಿ ಹಿಂದಿ ಎಂ.ಎ. ಓದಿದ ಬಿ. ವಿ. ಕಾರಂತರು ಈ ನಾಟಕವನ್ನು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ಕಲಾವಿದರಿಂದ ಆಡಿಸಿದರು. ಕನ್ನಡಿಗರೊಬ್ಬರು ಹಿಂದಿ ರಂಗಭೂಮಿಗೆ ಅದರದೇ ಆಸ್ತಿಯನ್ನು ಎತ್ತಿಕೊಟ್ಟ ಉದಾಹರಣೆ ಇದು. ರಾಜ್ಯೋತ್ಸವಕ್ಕೆ ಪ್ರತಿ ವರ್ಷವೂ ಅದೇ ಹಳೆಯ ಮದುವೆಮನೆಯ ಪ್ರಹಸನಗಳನ್ನು ಹುಡುಕುವ ಬದಲು, ಈ ಸಲ 'ಅಂಧೇರ್ ನಗರಿ'ಯನ್ನೇ ಕೈಗೆತ್ತಿಕೊಳ್ಳಬಹುದು. ಪಾತ್ರಗಳು ಹೆಚ್ಚಿರುವುದರಿಂದ ದೊಡ್ಡವರಿಗೂ ಮಕ್ಕಳಿಗೂ ವೇಷ ಸಿಗುತ್ತದೆ, ರಂಗಸಜ್ಜಿಕೆಗೆ ಖರ್ಚೂ ಕಡಿಮೆ. ಆದರೆ ವಿಚಾರಣೆಯ ದೃಶ್ಯದಲ್ಲಿ ಮೇಸ್ತ್ರಿಯಿಂದ ಕುರಿಗಾಹಿಯವರೆಗಿನ ಪಾತ್ರಧಾರಿಗಳು ಕೋಡಂಗಿಗಳಂತೆ ಕುಣಿಯುವುದು ಬೇಡ. ಕಚೇರಿಯಲ್ಲಿ ಜನ ಮಾತಾಡುವ ಹಾಗೆ, ಗಂಭೀರವಾಗಿ, ಪ್ರತಿಯೊಬ್ಬನೂ ತನ್ನದು ನ್ಯಾಯವೆಂದೇ ನಂಬಿದವನ ಹಾಗೆ ಮಾತಾಡಲಿ. ನಗು ತಾನಾಗಿ ಬರುತ್ತದೆ. ಮೇಕೆಯ ಒಡೆಯನ ವೇಷ ಹಾಕಿದವನು ಮಾತ್ರ ದೃಶ್ಯ ಮುಗಿಯುವವರೆಗೂ ರಂಗದ ಮೇಲೆಯೇ ನಿಂತಿರಬೇಕೆಂದು ನಿರ್ದೇಶಕರಲ್ಲಿ ನಮ್ಮ ವಿನಂತಿ.