ಅರುಣಾ ಬರೆಯದ ಪುಟ

ಪಿಂಕಿ ವಿರಾನಿ ಅವರ ‘ಅರುಣಾಸ್ ಸ್ಟೋರಿ’ 1998ರಲ್ಲಿ ಬಂದ ಪುಸ್ತಕ. ಹೊನ್ನಾವರದ ಹತ್ತಿರದ ಹಳದೀಪುರದಿಂದ ಮುಂಬಯಿಗೆ ಬಂದು ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆದ ಅರುಣಾ ಶಾನಭಾಗರ ಕತೆ ಅದು. 1973ರ ನವೆಂಬರ್ 27ರಂದು ಅಲ್ಲಿನ ಕಸಗುಡಿಸುವ ನೌಕರನೊಬ್ಬ ನಾಯಿಯ ಸರಪಳಿಯಿಂದ ಕುತ್ತಿಗೆ ಬಿಗಿದು ಅವರ ಮೇಲೆ ಅತ್ಯಾಚಾರ ಎಸಗಿದ. ಅಪರಾಧಿಗೆ ಸಿಕ್ಕ ಏಳು ವರ್ಷಗಳ ಸೆರೆ ಹಲ್ಲೆ ಮತ್ತು ದರೋಡೆಗಷ್ಟೇ. ಮಿದುಳಿಗೆ ಪೆಟ್ಟಾದ ಅರುಣಾ ಅದೇ ಆಸ್ಪತ್ರೆಯ ಮಂಚದ ಮೇಲೆ ಮಾತಿಲ್ಲದೆ 41 ವರ್ಷ ಬದುಕಿ, 2015ರ ಮೇ 18ರಂದು ತೀರಿಕೊಂಡರು.

ಈ ಪುಸ್ತಕದ ಶಕ್ತಿ ಇರುವುದು ಅರುಣಾರನ್ನು ಬರೀ ‘ಕೇಸ್’ ಆಗಲು ಬಿಡದಿರುವುದರಲ್ಲಿ. ಊರು ಬಿಟ್ಟು ಬಂದ ಹುಡುಗಿಯ ಹಟ, ಮದುವೆಯ ಕನಸು ಎಲ್ಲವೂ ಇಲ್ಲಿವೆ. ಆದರೆ ಮಾತು ನಿಂತವರ ಕತೆ ಹೇಳುತ್ತ ಹೇಳುತ್ತ ಲೇಖಕಿ ಅವರ ಇಚ್ಛೆಯನ್ನೂ ತಾನೇ ಹೇಳತೊಡಗುವ ಅಪಾಯ ಈ ಬಗೆಯ ಬರಹಕ್ಕೆ ಇದ್ದೇ ಇದೆ. 2009ರಲ್ಲಿ ವಿರಾನಿ ಅರುಣಾರ ಆಪ್ತಮಿತ್ರೆಯಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿ, ಆಹಾರ ಕೊಡುವುದನ್ನು ನಿಲ್ಲಿಸಲು ಅನುಮತಿ ಕೇಳಿದರು.

2011ರ ಮಾರ್ಚ್ 7ರ ತೀರ್ಪನ್ನು ಈ ಪುಸ್ತಕದ ಜೊತೆಗಿಟ್ಟೇ ಓದಬೇಕು. ಅದು ಶುರುವಾಗುವುದು ಸಾವಿಗಾಗಿ ಹಂಬಲಿಸುವ ಗಾಲಿಬನ ದ್ವಿಪದಿಯಿಂದ. ಆ ಹಂಬಲ ಗಾಲಿಬನದು. ಅರುಣಾರದೂ ಹೌದೇ ಎಂದು ಹೇಳಬಲ್ಲವರು ಯಾರೂ ಇರಲಿಲ್ಲ. ಆಸ್ಪತ್ರೆಯ ನರ್ಸುಗಳು ಮಾತ್ರ ಬೇರೆಯದನ್ನೇ ಹೇಳುತ್ತಿದ್ದರು: ಅರುಣಾ ಬದುಕಲಿ, ನಾವು ನೋಡಿಕೊಳ್ಳುತ್ತೇವೆ. ಅಷ್ಟು ವರ್ಷ ಮಲಗಿದ್ದರೂ ಮೈಯಲ್ಲಿ ಒಂದು ಹಾಸಿಗೆ ಹುಣ್ಣಿರಲಿಲ್ಲ. ನಿಜವಾದ ಆಪ್ತರು ಈ ಸಿಬ್ಬಂದಿಯೇ ಎಂದ ಕೋರ್ಟು ವಿರಾನಿ ಅವರ ಅರ್ಜಿಯನ್ನು ಒಪ್ಪಲಿಲ್ಲ.

ಇಬ್ಬರದೂ ಪ್ರೀತಿಯ ಓದೇ. ಕವಿತೆಗಾದರೆ ಎರಡು ಅರ್ಥ ಇರಬಹುದು. ಐಸಿಯುನಲ್ಲಿ ಒಂದನ್ನು ಆರಿಸಲೇಬೇಕು. ರೋಗಿಯೇ ಮೊದಲು ಬರೆದಿಟ್ಟ ಪುಟವೊಂದಿದ್ದರೆ ಆ ಆಯ್ಕೆಯ ಭಾರ ಬೇರೆಯವರ ಮೇಲೆ ಪೂರ್ತಿ ಬೀಳುವುದಿಲ್ಲ. ಅಂಥ ಪುಟಕ್ಕೆ, ಅಂದರೆ ಲಿವಿಂಗ್ ವಿಲ್‌ಗೆ, ಸುಪ್ರೀಂ ಕೋರ್ಟು ಮಾನ್ಯತೆ ಕೊಟ್ಟಿದ್ದು 2018ರಲ್ಲಿ, ಅರುಣಾ ಹೋಗಿ ಮೂರು ವರ್ಷವಾದ ಮೇಲೆ. 2023ರಲ್ಲಿ ವಿಧಾನ ಸರಳವಾಯಿತು: ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ, ನಮ್ಮ ಪರವಾಗಿ ಮಾತಾಡುವವರ ಹೆಸರು. ಮನಸ್ಸು ಬದಲಾದರೆ ಹಿಂತೆಗೆದುಕೊಳ್ಳಬಹುದು. ಇದನ್ನು ಜಾರಿಗೆ ತರಲು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಆದೇಶ ಹೊರಡಿಸಿದೆ.

ಊರಲ್ಲಿ ಅಪ್ಪ ಅಮ್ಮನನ್ನು ಬಿಟ್ಟು ಪುಣೆ, ದೆಹಲಿಗಳಲ್ಲಿರುವ ನಮಗೆ ಈ ಪುಸ್ತಕ ತಟ್ಟುವುದು ಇಲ್ಲೇ. ವೆಂಟಿಲೇಟರ್ ಹಾಕಬೇಕೇ ಎಂದು ಡಾಕ್ಟರು ಕೇಳುವಾಗ ದೂರದ ಮಗ ಒಂದು ಹೇಳುತ್ತಾನೆ, ಹತ್ತಿರವಿದ್ದು ನೋಡಿಕೊಂಡ ಮಗಳು ಇನ್ನೊಂದು. ವಿರಾನಿ ಮತ್ತು ನರ್ಸುಗಳ ನಡುವಿನ ಜಗಳವೇ ಮನೆಯೊಳಗೆ ನಡೆಯುತ್ತದೆ. ಸಾವಿನ ಮಾತೆತ್ತಿದರೆ ‘ಬಿಡ್ತು ಅನ್ನು’ ಎನ್ನುವವರು ನಾವು. ಹಾಗಾಗಿ ಮೊದಲು ನಮ್ಮದೇ ಪುಟ ಬರೆದು ಅವರಿಗೆ ಓದಿ ಹೇಳುವುದು ಒಳ್ಳೆಯದು. ‘ನಿಮಗೆ ಹೇಗೆ ಬೇಕು?’ ಎಂದು ಅವರನ್ನು ಆಮೇಲೆ ಕೇಳಬಹುದು.